ವಿದೇಶಕ್ಕೆ ಹೊರಟಾಗ ಸಿಮ್, ಡೇಟಾ: ಮುಂಬೈ, ಪುಣೆ, ಗೋವಾ ಕನ್ನಡಿಗರು ಪದೇ ಪದೇ ಕೇಳುವ ಪ್ರಶ್ನೆಗಳು

ಡೊಂಬಿವಲಿ, ಠಾಣೆ, ಘಾಟ್‌ಕೋಪರ್ ಕಡೆಯ ನಮ್ಮ ಜನ ಹೊರದೇಶಕ್ಕೆ ಹೊರಟರೆಂದರೆ ವೀಸಾ, ಟಿಕೆಟ್, ಚಟ್ನಿಪುಡಿ, ಉಪ್ಪಿನಕಾಯಿ ಎಲ್ಲವೂ ಮುಂಚೆಯೇ ತಯಾರಾಗಿರುತ್ತದೆ. ಫೋನಿನ ವಿಚಾರ ಮಾತ್ರ ಸಹಾರ್ ವಿಮಾನ ನಿಲ್ದಾಣದ ದಾರಿಯಲ್ಲಿ, ಟ್ಯಾಕ್ಸಿಯಲ್ಲಿ ಕೂತ ಮೇಲೆ ನೆನಪಾಗುತ್ತದೆ. ಆಗ ನನಗೆ ಫೋನ್ ಮಾಡುತ್ತಾರೆ. ಮಗಳ ಬಾಣಂತನಕ್ಕೆ ಅಮೆರಿಕಕ್ಕೆ ಹೋಗುವ ಅಮ್ಮಂದಿರು, ಹೋಟೆಲ್ ಕೆಲಸಕ್ಕೆ ದುಬೈಗೆ ಹೊರಟ ಹುಡುಗರು, ಪುಣೆಯ ಕಂಪನಿಯಿಂದ ಜರ್ಮನಿಗೆ ಹೋಗುವವರು, ವಾಸ್ಕೋದಿಂದ ಮಸ್ಕತ್‌ಗೆ ಹೊರಟವರು, ಎಲ್ಲರೂ ಕೇಳುವುದು ಹೆಚ್ಚುಕಮ್ಮಿ ಇವೇ ಪ್ರಶ್ನೆಗಳನ್ನು. ಇಲ್ಲಿ ದರ ಬರೆದಿಲ್ಲ. ದರ ಬದಲಾಗುತ್ತಲೇ ಇರುತ್ತದೆ, ಹೊರಡುವ ವಾರ ನೋಡಿಕೊಂಡರೆ ಸಾಕು. ಬದಲಾಗದ ವಿಚಾರಗಳನ್ನು ಮಾತ್ರ ಬರೆದಿದ್ದೇನೆ.

ಉದ್ದ ಓದಲು ಪುರುಸೊತ್ತಿಲ್ಲ. ಏನು ಮಾಡಬೇಕು, ಅಷ್ಟು ಹೇಳಿ.

ನಿಮ್ಮ ಭಾರತದ ಸಿಮ್ ಫೋನಿನಲ್ಲೇ ಇರಲಿ. ಅದರಲ್ಲಿ ಇಂಟರ್‌ನ್ಯಾಷನಲ್ ರೋಮಿಂಗ್ (ನಮ್ಮ ಸಿಮ್ ಹೊರದೇಶದ ನೆಟ್‌ವರ್ಕ್‌ನಲ್ಲೂ ನಡೆಯುವ ಸೇವೆ) ಚಾಲೂ ಇರಲಿ, ಆದರೆ ಡೇಟಾ ಬಂದ್ ಇರಲಿ. ಡೇಟಾಕ್ಕೆ ಮಾತ್ರ ಆ ದೇಶದ ಪ್ರೀಪೇಯ್ಡ್ ಸಿಮ್ ಅಥವಾ ಇ-ಸಿಮ್ ತೆಗೆದುಕೊಳ್ಳಿ. ಹಳೆಯ ನಂಬರಿಗೆ ಬ್ಯಾಂಕಿನ ಒಟಿಪಿ ಬರುತ್ತದೆ, ಹೊಸದರಲ್ಲಿ ಮ್ಯಾಪ್, ವಾಟ್ಸಾಪ್, ಟ್ಯಾಕ್ಸಿ ನಡೆಯುತ್ತದೆ. ಕೆಳಗೆ ಬರೆದಿರುವುದೆಲ್ಲ ಇದನ್ನೇ ಸರಿಯಾಗಿ ಮಾಡುವುದು ಹೇಗೆ ಎಂದು.

ಸುಮ್ನೆ ನಮ್ಮದೇ ಕಂಪನಿಯ ರೋಮಿಂಗ್ ಪ್ಯಾಕ್ ಹಾಕಿಸಿದರೆ ಆಗುವುದಿಲ್ಲವೇ?

ಖಂಡಿತ ಆಗುತ್ತದೆ. ನಾಲ್ಕೈದು ದಿನದ ಪ್ರವಾಸ, ಜೊತೆಯಲ್ಲಿ ವಯಸ್ಸಾದವರು, ಫೋನ್ ಸೆಟಿಂಗ್ ಮುಟ್ಟಲು ಭಯ ಎಂದರೆ ಏರ್‌ಟೆಲ್, ಜಿಯೋ, ವಿ ಯಾವುದರದ್ದಾದರೂ ಪ್ಯಾಕ್ ಹಾಕಿಸಿ ನೆಮ್ಮದಿಯಾಗಿ ಹೋಗಿ. ನಂಬರ್ ಅದೇ ಇರುತ್ತದೆ, ಮನೆಯವರ ಕಾಲ್ ಅದಕ್ಕೇ ಬರುತ್ತದೆ, ಇಳಿದ ಕೂಡಲೇ ನೆಟ್‌ವರ್ಕ್ ಸಿಗುತ್ತದೆ. ಪ್ಯಾಕ್ ಹಾಕುವ ಮುಂಚೆ ನೀವು ಹೋಗುವ ದೇಶ ಅದರ ಪಟ್ಟಿಯಲ್ಲಿ ಇದೆಯೇ ನೋಡಿ. ಮಧ್ಯೆ ವಿಮಾನ ಬದಲಿಸುವ ದೇಶವೂ ಇದೆಯೇ ನೋಡಿ.

ಹತ್ತು ದಿನ ದಾಟಿದರೆ, ಅಥವಾ ಡೇಟಾ ಜಾಸ್ತಿ ಬೇಕಿದ್ದರೆ, ಅಲ್ಲಿನ ಸಿಮ್ ಸಾಮಾನ್ಯವಾಗಿ ಅಗ್ಗ. ತಿಂಗಳುಗಟ್ಟಲೆ ಇರುವವರು ರೋಮಿಂಗ್ ಪ್ಯಾಕ್ ನಂಬಿ ಕೂರುವುದು ಸುಮ್ನೆ ದುಡ್ಡು ಸುರಿದ ಹಾಗೆ.

ಒಂದು ವ್ಯತ್ಯಾಸ ನೆನಪಿಡಿ. ಪ್ರೀಪೇಯ್ಡ್‌ನಲ್ಲಿ ಪ್ಯಾಕ್ ಇಲ್ಲದೆ ಡೇಟಾ ಓಡಿದರೆ ಬ್ಯಾಲೆನ್ಸ್ ಖಾಲಿಯಾಗಿ ಅಲ್ಲಿಗೆ ನಿಲ್ಲುತ್ತದೆ. ಪೋಸ್ಟ್‌ಪೇಯ್ಡ್‌ನಲ್ಲಿ ಬಿಲ್ ಬೆಳೆಯುತ್ತಾ ಹೋಗಬಹುದು. ನಮ್ಮ ಸೊಸೈಟಿಯ ಹಿರಿಯರೊಬ್ಬರು ಯುರೋಪಿನಲ್ಲಿ ವಿಮಾನ ಬದಲಿಸುವ ಹೊತ್ತಿನಲ್ಲಿ ಫೋನ್ ಆನ್ ಮಾಡಿ ಕೂತರು, ಅಷ್ಟೇ. ಅವರ ಫೋನ್ ಹಿಂದಿನ ದಿನದ ಫೋಟೊಗಳನ್ನೆಲ್ಲ ಅವರಿಗೆ ತಿಳಿಯದಂತೆ ಬ್ಯಾಕಪ್ ಮಾಡುತ್ತಿತ್ತು. ಮುಂದಿನ ತಿಂಗಳ ಬಿಲ್ ನೋಡಿ ಮನೆಯವರೆಲ್ಲ ಗಾಬರಿಯಾದರು.

ಒಟಿಪಿ ವಿದೇಶದಲ್ಲೂ ಬರುತ್ತದೆಯೇ? ಅದಕ್ಕೆ ಹಣ ಹೋಗುತ್ತದೆಯೇ?

ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಇದು. ಇಲ್ಲಿನ ಸೈಟಿನಲ್ಲಿ ಕಾರ್ಡ್‌ನಿಂದ ಹಣ ಕೊಟ್ಟರೂ, ಇಲ್ಲಿನ ಖಾತೆಯಿಂದ ಮಗನಿಗೆ ಹಣ ಕಳಿಸಿದರೂ, ವಿಮಾನದ ಟಿಕೆಟ್ ಬದಲಿಸಿದರೂ ಒಟಿಪಿ ಬೇಕು. ಅದು ಬ್ಯಾಂಕಿನಲ್ಲಿ ಕೊಟ್ಟಿರುವ ನಂಬರಿಗೇ ಬರುತ್ತದೆ.

ರೋಮಿಂಗ್‌ನಲ್ಲಿದ್ದಾಗ ನಿಮಗೆ ಬರುವ ಎಸ್‌ಎಂಎಸ್‌ಗೆ ನಮ್ಮ ಕಂಪನಿಗಳು ಸಾಮಾನ್ಯವಾಗಿ ಹಣ ಹಿಡಿಯುವುದಿಲ್ಲ. ಆದರೆ ಮೂರು ವಿಚಾರ ಸರಿ ಇರಬೇಕು. ನಂಬರಿನಲ್ಲಿ ಇಂಟರ್‌ನ್ಯಾಷನಲ್ ರೋಮಿಂಗ್ ಸೇವೆ ಚಾಲೂ ಆಗಿರಬೇಕು. ಮಾಮೂಲಿ ರೀಚಾರ್ಜ್ ಮುಗಿದಿರಬಾರದು. ಆ ದೇಶದಲ್ಲಿ ನಿಮ್ಮ ಕಂಪನಿಗೆ ರೋಮಿಂಗ್ ಒಪ್ಪಂದ ಇರಬೇಕು. ಮೂರನ್ನೂ ಕಸ್ಟಮರ್ ಕೇರ್‌ಗೆ ಫೋನ್ ಮಾಡಿ ಮನೆಯಲ್ಲಿ ಇದ್ದಾಗಲೇ ಕೇಳಿ. ಪರದೇಶದಿಂದ ಈ ಸೇವೆ ಚಾಲೂ ಮಾಡಿಸುವುದು ತಲೆನೋವು, ಏಕೆಂದರೆ ಆ್ಯಪ್‌ಗೆ ಲಾಗಿನ್ ಆಗಲಿಕ್ಕೂ ಒಟಿಪಿಯೇ ಬೇಕು.

ಎಸ್‌ಎಂಎಸ್ ಬೇರೆ, ಕಾಲ್ ಬೇರೆ. ಪ್ಯಾಕ್ ಇಲ್ಲದೆ ರೋಮಿಂಗ್‌ನಲ್ಲಿ ಕಾಲ್ ಎತ್ತಿದರೆ, ನಿಮಗೆ ಬಂದ ಕಾಲ್ ಆದರೂ, ನಿಮಿಷಕ್ಕೆ ಇಷ್ಟು ಎಂದು ಹಣ ಹೋಗುತ್ತದೆ. ಮನೆಯವರಿಗೆ, ಅಂಗಡಿಯವರಿಗೆ, ಕೆಲಸದವರಿಗೆ "ವಾಟ್ಸಾಪ್‌ನಲ್ಲಿ ಮಾಡಿ" ಎಂದು ಹೇಳಿಟ್ಟು ಹೋಗಿ.

ಇನ್ನೊಂದು ಮಾತು. ಹೊರಡುವ ಹಿಂದಿನ ದಿನ ಸಿಮ್ ಬದಲಿಸಲು ಹೋಗಬೇಡಿ. ಹಳೆಯ ಸಿಮ್ ಕೊಟ್ಟು ಹೊಸದು ತೆಗೆದುಕೊಂಡರೆ, ಅಥವಾ ಅದನ್ನು ಇ-ಸಿಮ್ ಮಾಡಿಸಿದರೆ, ವಂಚನೆ ತಡೆಯಲು ಸುಮಾರು 24 ಗಂಟೆ ಎಸ್‌ಎಂಎಸ್ ತಡೆಹಿಡಿಯುವ ನಿಯಮ ಇದೆ. ಅಷ್ಟು ಹೊತ್ತು ಒಟಿಪಿಯೂ ಇಲ್ಲ. ಇಂಥ ಕೆಲಸವನ್ನು ಒಂದೆರಡು ವಾರ ಮುಂಚೆ ಮುಗಿಸಿ.

ನನ್ನ ಫೋನಿನಲ್ಲಿ ಎರಡೂ ಕಡೆ ಸಿಮ್ ಇದೆ. ಯಾವುದನ್ನು ತೆಗೆಯಲಿ?

ಬ್ಯಾಂಕಿಗೆ, ಆಧಾರ್‌ಗೆ, ಯುಪಿಐಗೆ ಜೋಡಿಸಿರುವುದು ಇರಲಿ. ಇನ್ನೊಂದನ್ನು ತೆಗೆಯಿರಿ. ಯಾವುದು ಎಲ್ಲಿಗೆ ಜೋಡಣೆ ಆಗಿದೆ ಎಂದು ನೆನಪಿಲ್ಲದಿದ್ದರೆ ಹಳೆಯ ಎಸ್‌ಎಂಎಸ್‌ಗಳನ್ನು ತಿರುವಿ ನೋಡಿ. ಬ್ಯಾಂಕಿನ ಸಂದೇಶ ಯಾವ ಸಿಮ್‌ಗೆ ಬಂದಿದೆ ಎಂದು ಪಕ್ಕದಲ್ಲಿ 1 ಅಥವಾ 2 ಎಂದು ತೋರಿಸುವ ಫೋನ್‌ಗಳೇ ಜಾಸ್ತಿ.

ತೆಗೆದ ಸಿಮ್ ಕಿರುಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡದು ಅಷ್ಟೇ. ಪರ್ಸಿನ ಚಿಲ್ಲರೆ ಜೊತೆ ಹಾಕಿದರೆ ಸಿಗುವುದಿಲ್ಲ. ಒಂದು ಹಳೆಯ ವಿಸಿಟಿಂಗ್ ಕಾರ್ಡಿನ ಹಿಂದೆ ಸೆಲ್ಲೋಟೇಪ್ ಹಾಕಿ ಅಂಟಿಸಿ, ಪಕ್ಕದಲ್ಲಿ ನಂಬರಿನ ಕೊನೆಯ ನಾಲ್ಕು ಅಂಕಿ ಬರೆದು, ಪಾಸ್‌ಪೋರ್ಟಿನ ಕವರಿನಲ್ಲಿ ಇಡಿ. ಟ್ರೇ ತೆಗೆಯುವ ಪಿನ್ನನ್ನೂ ಅದರ ಜೊತೆಗೇ ಇಡಿ.

ಇ-ಸಿಮ್ ಎಂದರೆ ಏನು? ನನ್ನ ಫೋನಿನಲ್ಲಿ ನಡೆಯುತ್ತದೆಯೇ?

ಫೋನಿನ ಒಳಗೇ ಕೂರಿಸಿರುವ ಚಿಪ್ ಅದು. ಕಾರ್ಡ್ ಹಾಕುವ ಬದಲು ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಕಂಪನಿಯ ಮಾಹಿತಿ ಆ ಚಿಪ್‌ಗೆ ಇಳಿಯುತ್ತದೆ.

ನಿಮ್ಮ ಫೋನಿನಲ್ಲಿ ಇದೆಯೇ ಎಂದು ನೋಡಲು ಡಯಲ್ ಮಾಡುವ ಜಾಗದಲ್ಲಿ *#06# ಒತ್ತಿ. ಐಎಂಇಐ, ಅಂದರೆ ಫೋನಿನ ಗುರುತಿನ ನಂಬರ್ ಬರುತ್ತದೆ. ಅದರ ಜೊತೆ ಇಐಡಿ ಎಂಬ 32 ಅಂಕಿಯ ನಂಬರ್ ಬಂದರೆ ಇ-ಸಿಮ್ ಇದೆ. ಐಫೋನ್‌ಗಳಲ್ಲಿ 2018ರ ಎಕ್ಸ್‌ಎಸ್, ಎಕ್ಸ್‌ಆರ್‌ನಿಂದ ಶುರುವಾಯಿತು. ಸ್ಯಾಮ್‌ಸಂಗ್‌ನ ದುಬಾರಿ ಎಸ್ ಸರಣಿ, ಗೂಗಲ್ ಪಿಕ್ಸೆಲ್‌ನ ಹೊಸ ಫೋನ್‌ಗಳಲ್ಲಿ ಇದೆ. ನಮ್ಮಲ್ಲಿ ಬಹಳ ಜನ ಬಳಸುವ ಕಡಿಮೆ ಬೆಲೆಯ ಫೋನ್‌ಗಳಲ್ಲಿ ಹೆಚ್ಚಾಗಿ ಇರುವುದಿಲ್ಲ. ಇಲ್ಲದಿದ್ದರೆ ಬೇಸರ ಬೇಡ, ಕಾರ್ಡ್ ಸಿಮ್ ಎಲ್ಲ ದೇಶದಲ್ಲೂ ಸಿಗುತ್ತದೆ.

ಅಮೆರಿಕದಿಂದ ಮಕ್ಕಳು ಕಳಿಸಿದ ಐಫೋನ್ ಇದ್ದರೆ ಎರಡು ಸಂಗತಿ ಪರೀಕ್ಷಿಸಿ. ಅಲ್ಲಿ ಮಾರುವ ಐಫೋನ್‌ಗಳಲ್ಲಿ 14ರಿಂದ ಕಾರ್ಡ್ ಹಾಕುವ ಟ್ರೇಯೇ ಇಲ್ಲ, ಇ-ಸಿಮ್ ಮಾತ್ರ. ಕಂತಿನಲ್ಲಿ ಕೊಂಡ ಫೋನಾದರೆ ಅಲ್ಲಿನ ಕಂಪನಿಗೆ ಲಾಕ್ ಆಗಿರಬಹುದು, ಬೇರೆ ಸಿಮ್ ಒಪ್ಪುವುದಿಲ್ಲ.

ಇ-ಸಿಮ್ ಯಾವಾಗ ಹಾಕಿಕೊಳ್ಳಬೇಕು?

ಮನೆಯ ವೈ-ಫೈನಲ್ಲಿ, ಹೊರಡುವ ಒಂದೆರಡು ದಿನ ಮುಂಚೆ. ಅದನ್ನು ಇಳಿಸಿಕೊಳ್ಳಲಿಕ್ಕೆ ಇಂಟರ್ನೆಟ್ ಬೇಕು. ಅಲ್ಲಿ ಇಳಿದ ಮೇಲೆ ಹಾಕೋಣ ಎಂದರೆ ಇಂಟರ್ನೆಟ್ಟೇ ಇರುವುದಿಲ್ಲ, ಅಲ್ವಾ?

ಕೊಳ್ಳುವಾಗ ದಿನದ ಲೆಕ್ಕ ಎಲ್ಲಿಂದ ಶುರು ಎಂದು ಓದಿ. ಕೆಲವು ಆ ದೇಶದ ನೆಟ್‌ವರ್ಕ್ ಹಿಡಿದಾಗ ಶುರುವಾಗುತ್ತವೆ, ಕೆಲವು ಫೋನಿಗೆ ಹಾಕಿದ ಕ್ಷಣದಿಂದಲೇ. ಎರಡನೆಯ ಬಗೆಯದಾದರೆ ಮುಂಚೆಯೇ ಹಾಕಿದಷ್ಟೂ ದಿನ ಹಾಳು.

ಕ್ಯೂಆರ್ ಕೋಡನ್ನು ಮಗನ ಫೋನಿನಲ್ಲಿ ತೆರೆದು ನಿಮ್ಮದರಿಂದ ಸ್ಕ್ಯಾನ್ ಮಾಡುವುದು ಸುಲಭ. ಹೆಚ್ಚಿನ ಕೋಡ್‌ಗಳು ಒಂದೇ ಸಲ ನಡೆಯುತ್ತವೆ. "ಕೆಲಸ ಮಾಡುತ್ತಿಲ್ಲ" ಎಂದು ಡಿಲೀಟ್ ಮಾಡಿದರೆ ಮತ್ತೆ ಹಾಕಲು ಬರುವುದಿಲ್ಲ. ಏನೇ ಆದರೂ ಡಿಲೀಟ್ ಮಾತ್ರ ಒತ್ತಬೇಡಿ. ಹಾಕಿದ ಮೇಲೆ ಅದಕ್ಕೆ "ಪ್ರವಾಸ" ಎಂದೋ ದೇಶದ ಹೆಸರೋ ಕೊಡಿ. ಹಳೆಯದಕ್ಕೆ "ಮನೆ" ಎಂದು ಕೊಡಿ. ಸೆಟಿಂಗ್ ತೆರೆದಾಗ ಯಾವುದು ಯಾವುದು ಎಂದು ತಬ್ಬಿಬ್ಬಾಗುವುದು ತಪ್ಪುತ್ತದೆ.

ವಿದೇಶಿ ಕಂಪನಿಯ ಇ-ಸಿಮ್ ಆ್ಯಪ್ ಭಾರತದಲ್ಲಿ ಸಿಗಲಿಲ್ಲ. ಏಕೆ?

ಭಾರತದಲ್ಲಿ ಕುಳಿತು ಹೊರದೇಶದ ಸಿಮ್ ಮಾರಬೇಕಾದರೆ ದೂರಸಂಪರ್ಕ ಇಲಾಖೆಯ ಒಪ್ಪಿಗೆ ಪತ್ರ ಬೇಕು. ಅದಿಲ್ಲವೆಂದು 2024ರ ಜನವರಿಯಲ್ಲಿ ಏರಾಲೋ, ಹೊಲಾಫ್ಲೈ ಆ್ಯಪ್‌ಗಳನ್ನು ಇಲ್ಲಿನ ಆ್ಯಪ್ ಸ್ಟೋರ್, ಪ್ಲೇ ಸ್ಟೋರ್‌ನಿಂದ ತೆಗೆಸಲಾಯಿತು. ಮ್ಯಾಟ್ರಿಕ್ಸ್‌ನಂಥ ಭಾರತದ ಕಂಪನಿಗಳು ಬಹಳ ವರ್ಷದಿಂದ ಪ್ರವಾಸಿಗಳಿಗೆ ಹೊರದೇಶದ ಸಿಮ್ ಕೊಡುತ್ತಿವೆ. ಪಾಸ್‌ಪೋರ್ಟ್, ವೀಸಾ ಪ್ರತಿ ಕೇಳುತ್ತಾರೆ, ಕೊಡಬೇಕು. ಕೇಳದೆ ಕೊಡುವವರ ಹತ್ತಿರ ಹೋಗಬೇಡಿ. ವಾಟ್ಸಾಪ್ ಗುಂಪಿನಲ್ಲಿ ಯಾರೋ ಕಳಿಸಿದ ಲಿಂಕ್ ಒತ್ತಿ ಕಾರ್ಡ್ ನಂಬರ್ ಕೊಡುವುದಂತೂ ಬೇಡವೇ ಬೇಡ.

ಅಲ್ಲಿನ ವಿಮಾನ ನಿಲ್ದಾಣದಲ್ಲಿ ತೆಗೆದುಕೊಳ್ಳುವುದೋ, ಊರೊಳಗೋ?

ನನ್ನ ಅಭಿಪ್ರಾಯ: ವಿಮಾನ ನಿಲ್ದಾಣದಲ್ಲೇ. ಊರೊಳಗೆ ಸ್ವಲ್ಪ ಕಡಿಮೆಗೆ ಸಿಗಬಹುದು. ಆದರೆ ಇಳಿದ ಮೊದಲ ಒಂದೆರಡು ಗಂಟೆಯಲ್ಲೇ ಇಂಟರ್ನೆಟ್ ಜಾಸ್ತಿ ಬೇಕಾಗುವುದು. ಟ್ಯಾಕ್ಸಿ, ಹೋಟೆಲ್ ವಿಳಾಸ, ಮನೆಗೆ "ಮುಟ್ಟಿದೆವು" ಎಂದು ಒಂದು ಸಂದೇಶ. ಭಾಷೆ ಬಾರದ ಊರಿನಲ್ಲಿ ಸೂಟ್‌ಕೇಸ್ ಎಳೆದುಕೊಂಡು ಸಿಮ್ ಅಂಗಡಿ ಹುಡುಕುವ ಕಷ್ಟಕ್ಕೆ ಆ ಉಳಿತಾಯ ಸಾಟಿಯಲ್ಲ.

ಬ್ಯಾಂಕಾಕಿನ ಸುವರ್ಣಭೂಮಿಯಲ್ಲಿ ಹೊರಗೆ ಬರುವ ದಾರಿಯಲ್ಲೇ ಎಐಎಸ್, ಟ್ರೂ ಕೌಂಟರ್‌ಗಳಿವೆ. ಹುಡುಗಿ ಪಾಸ್‌ಪೋರ್ಟ್ ಸ್ಕ್ಯಾನ್ ಮಾಡುತ್ತಾಳೆ, ನಿಮ್ಮ ಮುಖದ ಫೋಟೊ ತೆಗೆಯುತ್ತಾಳೆ, ನಿಮ್ಮ ಫೋನ್ ತೆಗೆದುಕೊಂಡು ತಾನೇ ಸಿಮ್ ಹಾಕಿ, ಸೆಟಿಂಗ್ ಮಾಡಿ ಕೊಡುತ್ತಾಳೆ. ಅಷ್ಟರಲ್ಲಿ ನೀವು ಎರಡು ಕೆಲಸ ಮಾಡಬೇಕು. ಯಾವ ಸಿಮ್ ತೆಗೆದಳು ಎಂದು ಕಣ್ಣಿಟ್ಟು ನೋಡಿ, ಬ್ಯಾಂಕಿನ ಸಿಮ್ ಆಗಿದ್ದರೆ "ಅದು ಬೇಡ, ಇನ್ನೊಂದು" ಎಂದು ಹೇಳಿ. ಕೌಂಟರ್ ಬಿಡುವ ಮುಂಚೆ ವೈ-ಫೈ ಬಂದ್ ಮಾಡಿ, ಒಂದು ಪುಟ ತೆರೆದು ನೋಡಿ. ವೈ-ಫೈ ಆನ್ ಇದ್ದರೆ ವಿಮಾನ ನಿಲ್ದಾಣದ ಇಂಟರ್ನೆಟ್ಟನ್ನೇ ಸಿಮ್‌ನದು ಎಂದುಕೊಂಡು ಹೊರಟುಬಿಡುತ್ತೇವೆ.

ರಾತ್ರಿ ಎರಡು ಮೂರು ಗಂಟೆಗೆ ಇಳಿಯುವವರು, ಸಣ್ಣ ವಿಮಾನ ನಿಲ್ದಾಣಕ್ಕೆ ಹೋಗುವವರು ಕೌಂಟರ್ ತೆರೆದಿರುತ್ತದೆ ಎಂದು ನಂಬಬೇಡಿ. ಇ-ಸಿಮ್ ಅಥವಾ ಒಂದು ದಿನದ ರೋಮಿಂಗ್ ಪ್ಯಾಕ್ ಕೈಯಲ್ಲಿರಲಿ.

ಯಾವ ಕಾಗದ ಪತ್ರ ಬೇಕು?

ಪಾಸ್‌ಪೋರ್ಟ್ ಮೂಲಪ್ರತಿ. ಆಧಾರ್, ಪ್ಯಾನ್ ಅಲ್ಲಿ ನಡೆಯುವುದಿಲ್ಲ. ಸಿಂಗಾಪುರ, ಥಾಯ್ಲೆಂಡ್, ಯುಎಇ, ಹಾಂಗ್‌ಕಾಂಗ್, ಹೀಗೆ ಬಹಳ ಕಡೆ ಹೆಸರು ನೋಂದಣಿ ಕಡ್ಡಾಯ. ಸೌದಿಯಲ್ಲಿ ಬೆರಳಚ್ಚು ಕೂಡ ತೆಗೆದುಕೊಳ್ಳುತ್ತಾರೆ. ಜರ್ಮನಿಯಲ್ಲಿ 2017ರಿಂದ ಗುರುತು ಪರೀಕ್ಷೆ ಇಲ್ಲದೆ ಪ್ರೀಪೇಯ್ಡ್ ಸಿಮ್ ಚಾಲೂ ಆಗುವುದಿಲ್ಲ. ಸೂಪರ್ ಮಾರ್ಕೆಟ್‌ನಲ್ಲಿ ಸಿಮ್ ಕೊಂಡ ಮೇಲೆ ವಿಡಿಯೋ ಕಾಲ್‌ನಲ್ಲಿ ಪಾಸ್‌ಪೋರ್ಟ್ ತೋರಿಸಬೇಕಾಗುತ್ತದೆ, ಹೊಸಬರಿಗೆ ಅದು ಕಿರಿಕಿರಿ. ಇಂಗ್ಲೆಂಡ್‌ನಲ್ಲಿ ಹಾಗಲ್ಲ, ಪ್ರೀಪೇಯ್ಡ್ ಸಿಮ್‌ಗೆ ಗುರುತಿನ ಚೀಟಿ ಕೇಳುವುದಿಲ್ಲ, ಅಂಗಡಿಯಲ್ಲಿ ಕೊಂಡು ಹಾಕಿಕೊಂಡರೆ ಆಯಿತು.

ನೇಪಾಳಕ್ಕೆ ಮತದಾರರ ಚೀಟಿ ಹಿಡಿದು ಹೋಗಬಹುದು ನಿಜ. ಆದರೂ ಪಾಸ್‌ಪೋರ್ಟ್ ಇದ್ದರೆ ಒಯ್ಯಿರಿ, ಜೊತೆಗೆ ಒಂದೆರಡು ಪಾಸ್‌ಪೋರ್ಟ್ ಸೈಜ್ ಫೋಟೊ. ಎನ್‌ಸೆಲ್, ನೇಪಾಳ ಟೆಲಿಕಾಂ ಸಿಮ್ ತೆಗೆದುಕೊಳ್ಳುವಾಗ ಕೆಲಸಕ್ಕೆ ಬರುತ್ತದೆ.

ದುಬೈಗೆ ಹೋಗುತ್ತಿದ್ದೇನೆ. ವಾಟ್ಸಾಪ್ ಕಾಲ್ ಹೋಗುವುದಿಲ್ಲ ಎನ್ನುತ್ತಾರಲ್ಲ?

ನಿಜ. ಯುಎಇಯಲ್ಲಿ ವಾಟ್ಸಾಪ್ ಸಂದೇಶ, ಫೋಟೊ ಹೋಗುತ್ತದೆ. ಆಡಿಯೋ, ವಿಡಿಯೋ ಕಾಲ್‌ಗೆ ಅಲ್ಲಿ ತಡೆ ಇದೆ. ಸಿಮ್ ಕೆಟ್ಟಿದೆ ಎಂದು ಕೌಂಟರಿಗೆ ಓಡಬೇಡಿ. ಅಲ್ಲಿ ಅನುಮತಿ ಇರುವ ಆ್ಯಪ್‌ಗಳಲ್ಲಿ ಬೋಟಿಮ್ ಒಂದು. ಅದನ್ನು ಇಲ್ಲೇ ಹಾಕಿಕೊಂಡು, ಮನೆಯವರ ಫೋನಿನಲ್ಲೂ ಹಾಕಿ, ಒಮ್ಮೆ ಮಾತಾಡಿ ನೋಡಿ ಹೊರಡಿ. ಕೆಲಸಕ್ಕೆಂದು ಮೊದಲ ಸಲ ಹೋಗುವ ಹುಡುಗರ ಮನೆಯಲ್ಲಿ, ಹುಡುಗ ಇಳಿದು ಕಾಲ್ ಮಾಡಲಿಲ್ಲ ಎಂದು ತಾಯಂದಿರು ಊಟ ಬಿಟ್ಟು ಕೂತದ್ದನ್ನು ಕಂಡಿದ್ದೇನೆ. ಇದೊಂದು ವಿಷಯ ಮುಂಚೆಯೇ ಹೇಳಿದರೆ ಅಷ್ಟು ಸಂಕಟ ತಪ್ಪುತ್ತದೆ.

ಅಲ್ಲಿನ ದೊಡ್ಡ ಕಂಪನಿಗಳು ಎತಿಸಲಾತ್ ಮತ್ತು ಡು. ಸೌದಿಯಲ್ಲಿ ಎಸ್‌ಟಿಸಿ, ಮೊಬೈಲಿ, ಝೈನ್.

ಯುರೋಪಿನಲ್ಲಿ ನಾಲ್ಕೈದು ದೇಶ. ಪ್ರತಿ ದೇಶಕ್ಕೂ ಒಂದು ಸಿಮ್ ಬೇಕೇ?

ಬೇಡ. 2017ರ ಜೂನ್ 15ರಿಂದ ಯುರೋಪಿಯನ್ ಒಕ್ಕೂಟದ ಒಂದು ದೇಶದ ಸಿಮ್ ಉಳಿದ ಸದಸ್ಯ ದೇಶಗಳಲ್ಲಿ ಹೆಚ್ಚು ಹಣವಿಲ್ಲದೆ ನಡೆಯಬೇಕೆಂಬ ಕಾನೂನು ಇದೆ. 2022ರಲ್ಲಿ ಅದನ್ನು 2032ರವರೆಗೆ ಮುಂದುವರಿಸಿದರು. ನಾರ್ವೆ, ಐಸ್‌ಲ್ಯಾಂಡ್ ಕೂಡ ಇದರಲ್ಲಿ ಸೇರಿವೆ. ಪ್ಯಾರಿಸ್ಸಿನಲ್ಲಿ ತೆಗೆದ ಸಿಮ್ ರೋಮಿನಲ್ಲೂ ನಡೆಯುತ್ತದೆ. ಹೊರಗಿನ ದೇಶದಲ್ಲಿ ಎಷ್ಟು ಡೇಟಾ ಬಳಸಬಹುದು ಎಂಬುದಕ್ಕೆ ಮಿತಿ ಇರುತ್ತದೆ, ಅದನ್ನು ಕೇಳಿಕೊಳ್ಳಿ.

ಎಡವುವುದು ಸ್ವಿಟ್ಜರ್ಲೆಂಡ್‌ನಲ್ಲಿ. ಅದು ಒಕ್ಕೂಟದಲ್ಲಿ ಇಲ್ಲ. ನಮ್ಮವರ ಯುರೋಪ್ ಟೂರ್ ಎಂದರೆ ಸ್ವಿಟ್ಜರ್ಲೆಂಡ್ ಇಲ್ಲದೆ ಮುಗಿಯುವುದಿಲ್ಲ, ಮುಂಬೈ ಟೂರ್ ಕಂಪನಿಗಳ ಜಾಹೀರಾತಿನಲ್ಲಿ ಮೊದಲ ಚಿತ್ರವೇ ಹಿಮದ ಬೆಟ್ಟ. ಹಾಗಾಗಿ ಸಿಮ್ ಕೊಳ್ಳುವಾಗ "ಸ್ವಿಟ್ಜರ್ಲೆಂಡ್ ಸೇರಿದೆಯೇ, ಇಂಗ್ಲೆಂಡ್ ಸೇರಿದೆಯೇ" ಎಂದು ಹೆಸರು ಹಿಡಿದೇ ಕೇಳಿ. ಟರ್ಕಿ ಕೂಡ ಬೇರೆ ಲೆಕ್ಕ. ಅಲ್ಲಿ ಹೊರಗಿನಿಂದ ತಂದ ಫೋನನ್ನು ನೋಂದಾಯಿಸದೆ ಅಲ್ಲಿನ ಸಿಮ್ ಹಾಕಿ ಬಳಸಿದರೆ 120 ದಿನದ ನಂತರ ತಡೆಯುತ್ತಾರೆ. ಪ್ರವಾಸಕ್ಕೆ ಹೋಗುವವರಿಗೆ ಅದರಿಂದ ತೊಂದರೆ ಇಲ್ಲ, ಓದಲು ಹೋಗುವ ಮಕ್ಕಳಿಗೆ ಇದೆ.

ಅಮೆರಿಕಕ್ಕೆ ಆರು ತಿಂಗಳು ಹೋಗುತ್ತಿದ್ದೇವೆ. ಇಲ್ಲಿನ ಫೋನ್ ಅಲ್ಲಿ ನಡೆಯುತ್ತದೆಯೇ? ಇಲ್ಲಿನ ನಂಬರ್ ಉಳಿಯುತ್ತದೆಯೇ?

ಎರಡು ಪ್ರಶ್ನೆ, ಎರಡಕ್ಕೂ ಸಾವಧಾನವಾಗಿ ಉತ್ತರಿಸುತ್ತೇನೆ.

ಮೊದಲು ಫೋನ್. ಅಮೆರಿಕದ ಮೂರೂ ದೊಡ್ಡ ಕಂಪನಿಗಳು, ಎಟಿ ಆ್ಯಂಡ್ ಟಿ, ಟಿ-ಮೊಬೈಲ್, ವೆರೈಝನ್, 2022ರಲ್ಲಿ 3ಜಿ ನಿಲ್ಲಿಸಿಬಿಟ್ಟವು. ಈಗ ಕಾಲ್ ಹೋಗಬೇಕಾದರೆ ಫೋನಿನಲ್ಲಿ ವೋಲ್ಟಿ (4ಜಿ ಮೇಲೆಯೇ ಕಾಲ್ ಹೋಗುವ ವ್ಯವಸ್ಥೆ) ಇರಬೇಕು, ಅದೂ ಆ ಕಂಪನಿ ಒಪ್ಪುವ ವೋಲ್ಟಿ. ಭಾರತದಲ್ಲಿ ಜಿಯೋ ಮೇಲೆ ಚೆನ್ನಾಗಿ ನಡೆಯುವ ಫೋನ್ ಅಲ್ಲಿ ನಡೆಯದೆ ಇರಬಹುದು. ಎಟಿ ಆ್ಯಂಡ್ ಟಿ ತಾನು ಒಪ್ಪುವ ಫೋನ್‌ಗಳ ಪಟ್ಟಿಯನ್ನೇ ಇಟ್ಟಿದೆ. ಅದಲ್ಲದೆ ಟಿ-ಮೊಬೈಲ್ ಹಳ್ಳಿಗಾಡಿನಲ್ಲಿ ಬಳಸುವ 600 ಮೆಗಾಹರ್ಟ್ಸ್ ತರಂಗ ನಮ್ಮ ಕಡೆಯ ಬಹಳ ಫೋನ್‌ಗಳಲ್ಲಿ ಇಲ್ಲ. ಊರೊಳಗೆ ಸಿಗ್ನಲ್, ಊರು ದಾಟಿದರೆ ಸಿಗ್ನಲ್ ಮಾಯ. ಪರಿಹಾರ ಸರಳ. *#06# ಒತ್ತಿ ಐಎಂಇಐ ನಂಬರ್ ಬರೆದು ಮಗಳಿಗೆ ಕಳಿಸಿ. ಅವಳು ಅಲ್ಲಿನ ಕಂಪನಿಯ ಸೈಟಿನಲ್ಲಿ ಹಾಕಿ ಪರೀಕ್ಷಿಸಲಿ. ಆಸ್ಟ್ರೇಲಿಯಕ್ಕೆ ಹೋಗುವವರೂ ಇದನ್ನೇ ಮಾಡಿ. ಅಲ್ಲಿ 2024ರಲ್ಲಿ 3ಜಿ ನಿಂತಿತು. ತುರ್ತು ಸಂಖ್ಯೆ 000ಗೆ ವೋಲ್ಟಿಯಲ್ಲಿ ಕಾಲ್ ಮಾಡಲಾಗದ ಫೋನನ್ನು ಅಲ್ಲಿನ ನೆಟ್‌ವರ್ಕ್ ಸೇರಿಸಿಕೊಳ್ಳುವುದೇ ಇಲ್ಲ.

ಆರು ತಿಂಗಳಿಗೆ ಪ್ರವಾಸಿ ಸಿಮ್ ಬೇಡ. ಮಕ್ಕಳ ಫ್ಯಾಮಿಲಿ ಪ್ಲ್ಯಾನ್‌ಗೆ ಒಂದು ಲೈನ್ ಸೇರಿಸುವುದು, ಇಲ್ಲವೇ ವಾಲ್‌ಮಾರ್ಟ್, ಟಾರ್ಗೆಟ್‌ನಂಥ ಅಂಗಡಿಯಲ್ಲಿ ಸಿಗುವ ತಿಂಗಳ ಪ್ರೀಪೇಯ್ಡ್ ಸಾಕು. ಅಪ್ಪ ಅಮ್ಮ ಇಬ್ಬರಿಗೂ ಬೇರೆ ಬೇರೆ ಲೈನ್ ಕೊಡಿಸಿ ಎಂದು ಮಕ್ಕಳಿಗೆ ಕೇಳಿಕೊಳ್ಳುತ್ತೇನೆ. ಮಕ್ಕಳು ಕೆಲಸಕ್ಕೆ ಹೋದ ಮೇಲೆ ಅಪ್ಪ ವಾಕಿಂಗ್ ಹೋಗುತ್ತಾರೆ, ಅಮ್ಮ ಮನೆಯಲ್ಲಿ ಇರುತ್ತಾರೆ. ಎಲ್ಲ ಮನೆಗಳೂ ಒಂದೇ ಥರ ಕಾಣುವ ರಸ್ತೆಯಲ್ಲಿ ದಾರಿ ತಪ್ಪಿದರೆ ಕೇಳಲು ಯಾರೂ ನಡೆದಾಡುತ್ತಿರುವುದಿಲ್ಲ. ಆಗ ಕಿಸೆಯಲ್ಲಿ ಇಂಟರ್ನೆಟ್ ಇರುವ ಫೋನೇ ಗತಿ.

ಇನ್ನು ಇಲ್ಲಿನ ನಂಬರ್. ಪ್ರೀಪೇಯ್ಡ್ ನಂಬರನ್ನು 90 ದಿನ ಯಾವುದೇ ಬಳಕೆ ಇಲ್ಲದಿದ್ದರೆ ಕಂಪನಿ ರದ್ದು ಮಾಡಬಹುದು, ಆಮೇಲೆ ಬೇರೆಯವರಿಗೆ ಕೊಡಬಹುದು. ಟ್ರಾಯ್ (ಭಾರತದ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ) ನಿಯಮದಂತೆ ಖಾತೆಯಲ್ಲಿ 20 ರೂಪಾಯಿ ಇದ್ದರೆ ಅದನ್ನು ಕಡಿದುಕೊಂಡು ಇನ್ನೊಂದು ತಿಂಗಳು ಉಳಿಸುತ್ತಾರೆ. ಆದರೆ ನಂಬರ್ ಉಳಿಯುವುದು ಬೇರೆ, ಒಟಿಪಿ ಬರುವುದು ಬೇರೆ. ಒಟಿಪಿಗೆ ರೀಚಾರ್ಜ್ ಚಾಲ್ತಿಯಲ್ಲಿರಬೇಕು. 2024ರ ಡಿಸೆಂಬರ್‌ನಲ್ಲಿ ಟ್ರಾಯ್ ಹೊರಡಿಸಿದ ಆದೇಶದ ನಂತರ ಡೇಟಾ ಇಲ್ಲದ, ಬರೀ ಕಾಲ್ ಮತ್ತು ಎಸ್‌ಎಂಎಸ್ ಇರುವ ಪ್ಯಾಕ್‌ಗಳು ಬಂದಿವೆ, 365 ದಿನದ್ದೂ ಇದೆ. ಹೊರಡುವ ಮುಂಚೆ ಅಂಥದ್ದು ಹಾಕಿಸಿದರೆ ವರ್ಷಪೂರ್ತಿ ಚಿಂತೆ ಇಲ್ಲ. ಇಲ್ಲವೇ ಊರಿನಲ್ಲಿರುವ ತಮ್ಮನಿಗೋ ಪಕ್ಕದ ಮನೆಯವರಿಗೋ ತಿಂಗಳ ತಾರೀಖು ಹೇಳಿಟ್ಟರೆ ಅವರೇ ಯುಪಿಐನಲ್ಲಿ ರೀಚಾರ್ಜ್ ಮಾಡುತ್ತಾರೆ.

ಚೀನಾದಲ್ಲಿ ಗೂಗಲ್, ವಾಟ್ಸಾಪ್ ನಡೆಯುತ್ತದೆಯೇ?

ಅಲ್ಲಿನ ಸಿಮ್, ಹೋಟೆಲಿನ ವೈ-ಫೈ ಎರಡರಲ್ಲೂ ನಡೆಯುವುದಿಲ್ಲ. ಭಾರತದ ಸಿಮ್‌ನ ರೋಮಿಂಗ್‌ನಲ್ಲಿ ಸಾಮಾನ್ಯವಾಗಿ ನಡೆಯುತ್ತದೆ. ರೋಮಿಂಗ್ ಡೇಟಾ ನಮ್ಮ ಕಂಪನಿಯ ಜಾಲದ ಮೂಲಕವೇ ಹೊರಗೆ ಹೋಗುತ್ತದೆ, ಅದಕ್ಕೇ. ಹಾಂಗ್‌ಕಾಂಗ್ ಸಿಮ್, ಪ್ರವಾಸಿ ಇ-ಸಿಮ್‌ಗೂ ಇದೇ ಮಾತು. ಚೀನಾಕ್ಕೆ ಮಾತ್ರ ರೋಮಿಂಗ್ ಪ್ಯಾಕೇ ಒಳ್ಳೆಯದು ಎಂದು ಹೇಳುತ್ತೇನೆ.

ಸಿಮ್ ಹಾಕಿದೆ, ಸಿಗ್ನಲ್ ಪೂರ್ತಿ ಇದೆ, ಇಂಟರ್ನೆಟ್ ಮಾತ್ರ ಇಲ್ಲ. ಏನು ಮಾಡಲಿ?

ಹತ್ತರಲ್ಲಿ ಎಂಟು ಸಲ ಕಾರಣ ಡೇಟಾ ರೋಮಿಂಗ್ ಬಟನ್. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಾವು ಎಲ್ಲರಿಗೂ "ಡೇಟಾ ರೋಮಿಂಗ್ ಬಂದ್ ಮಾಡಿ" ಎಂದು ಹೇಳಿ ಹೇಳಿ ಹೆದರಿಸಿದ್ದೇವೆ. ಆದರೆ ಆ ಬಟನ್ ಪ್ರತಿ ಸಿಮ್‌ಗೂ ಬೇರೆ ಬೇರೆ ಇದೆ. ಭಾರತದ ಸಿಮ್‌ಗೆ ಬಂದ್ ಇರಬೇಕು. ಪ್ರವಾಸಿ ಇ-ಸಿಮ್‌ಗೆ ಚಾಲೂ ಇರಬೇಕು. ಏಕೆಂದರೆ ಅಂಥ ಇ-ಸಿಮ್ ಸಾಮಾನ್ಯವಾಗಿ ಬೇರೆ ಯಾವುದೋ ದೇಶದ ಕಂಪನಿಯದು, ನೀವಿರುವ ದೇಶದಲ್ಲಿ ಅದೂ ರೋಮಿಂಗ್‌ನಲ್ಲೇ ಇರುತ್ತದೆ. ಅದಕ್ಕೆ ಹಣ ಮೊದಲೇ ಕೊಟ್ಟಾಗಿದೆ, ಬಿಲ್ ಬರುವುದಿಲ್ಲ.

ಅದಾದ ಮೇಲೂ ಬರದಿದ್ದರೆ, ಮೊಬೈಲ್ ಡೇಟಾಕ್ಕೆ ಯಾವ ಸಿಮ್ ಆರಿಸಿದೆ ನೋಡಿ. ಫೋನ್ ಒಮ್ಮೆ ಬಂದ್ ಮಾಡಿ ತೆರೆಯಿರಿ. ಆಮೇಲೂ ಇಲ್ಲದಿದ್ದರೆ ಎಪಿಎನ್, ಅಂದರೆ ಆ ಕಂಪನಿಯ ಇಂಟರ್ನೆಟ್‌ಗೆ ಸೇರುವ ದಾರಿಯ ಹೆಸರು, ನೋಡಿ. ಮೊಬೈಲ್ ನೆಟ್‌ವರ್ಕ್ ಸೆಟಿಂಗ್‌ನಲ್ಲಿ ಎಪಿಎನ್ ಎಂಬ ಜಾಗ ಇದೆ. ಸಿಮ್ ಜೊತೆ ಬಂದ ಚೀಟಿಯಲ್ಲಿ ಅಥವಾ ಇಮೇಲ್‌ನಲ್ಲಿ ಒಂದು ಚಿಕ್ಕ ಪದ ಕೊಟ್ಟಿರುತ್ತಾರೆ, ಅದನ್ನು ಅಕ್ಷರ ತಪ್ಪದೆ ಅಲ್ಲಿ ತುಂಬಿ ಉಳಿಸಿ.

ಐಫೋನ್ ಇರುವವರು ಇನ್ನೊಂದು ನೋಡಿ. ಒಂದು ಸಿಮ್‌ನಲ್ಲಿ ಸಿಗ್ನಲ್ ಇಲ್ಲದಾಗ ಇನ್ನೊಂದರ ಡೇಟಾಕ್ಕೆ ತಾನೇ ಹೊರಳುವ ಒಂದು ಆಯ್ಕೆ ಸೆಲ್ಯುಲರ್ ಡೇಟಾ ಪುಟದಲ್ಲೇ ಕೆಳಗಡೆ ಇದೆ. ಅದು ಬಂದ್ ಇರಲಿ.

ಎಷ್ಟು ಡೇಟಾ ಬೇಕಾಗುತ್ತದೆ?

ಮ್ಯಾಪ್, ಸಂದೇಶ, ಟ್ಯಾಕ್ಸಿಗೆ ದಿನಕ್ಕೆ ಅರ್ಧ ಜಿಬಿ ಧಾರಾಳ. ಡೇಟಾ ತಿನ್ನುವುದು ರೀಲ್ಸ್, ಯೂಟ್ಯೂಬ್, ಮೊಮ್ಮಕ್ಕಳ ಜೊತೆಗಿನ ವಿಡಿಯೋ ಕಾಲ್. ಅದನ್ನು ಹೋಟೆಲ್ ವೈ-ಫೈನಲ್ಲಿ ಮಾಡಿ. ಫೋಟೊ ಬ್ಯಾಕಪ್ ವೈ-ಫೈಗೆ ಮಾತ್ರ ಎಂದು ಇಡಿ, ವಾಟ್ಸಾಪ್‌ನಲ್ಲಿ ವಿಡಿಯೋ ತಾನೇ ಇಳಿಯುವುದನ್ನು ನಿಲ್ಲಿಸಿ. ಹೋಗುವ ಊರಿನ ಗೂಗಲ್ ಮ್ಯಾಪನ್ನು ಮನೆಯಲ್ಲೇ ಇಳಿಸಿಕೊಂಡರೆ ಇಂಟರ್ನೆಟ್ ಇಲ್ಲದಾಗಲೂ ದಾರಿ ತೋರಿಸುತ್ತದೆ. "ಅನ್‌ಲಿಮಿಟೆಡ್" ಎಂದು ಬರೆದಿದ್ದರೆ ಎಷ್ಟು ಜಿಬಿಯ ನಂತರ ವೇಗ ಇಳಿಯುತ್ತದೆ, ಹಾಟ್‌ಸ್ಪಾಟ್ ಕೊಡಲು ಬಿಡುತ್ತಾರೆಯೇ ಎಂದು ಕೇಳಿ. ಮನೆಮಂದಿಯೆಲ್ಲ ಒಂದೇ ಸಿಮ್ ಹಂಚಿಕೊಳ್ಳುವ ಯೋಚನೆ ಇದ್ದರೆ ಈ ಪ್ರಶ್ನೆ ಮುಖ್ಯ.

ಹೊಸ ಸಿಮ್ ಹಾಕಿದರೆ ವಾಟ್ಸಾಪ್ ನಂಬರ್ ಬದಲಾಗುತ್ತದೆಯೇ?

ಇಲ್ಲ. ಫೋನ್ "ನಂಬರ್ ಬದಲಿಸಬೇಕೇ" ಎಂದು ಕೇಳಿದರೆ ಬೇಡ ಎನ್ನಿ. ಹಳೆಯ ನಂಬರಿನಲ್ಲೇ ಮುಂದುವರಿಯುತ್ತದೆ. 2025ರ ನವೆಂಬರ್‌ನಲ್ಲಿ ದೂರಸಂಪರ್ಕ ಇಲಾಖೆ, ಇಂಥ ಆ್ಯಪ್‌ಗಳು ನೋಂದಾಯಿಸಿದ ಸಿಮ್ ಫೋನಿನಲ್ಲಿ ಇದ್ದರೆ ಮಾತ್ರ ನಡೆಯಬೇಕೆಂದು ಕಂಪನಿಗಳಿಗೆ ಸೂಚನೆ ಕೊಟ್ಟಿದೆ. ಭಾರತದ ಸಿಮ್ ತೆಗೆದು ಮನೆಯ ಕಪಾಟಿನಲ್ಲಿ ಇಟ್ಟು ಹೋಗಬೇಡಿ ಎನ್ನಲು ಇದೂ ಒಂದು ಕಾರಣ.

ಯುಪಿಐ ಅಲ್ಲಿ ನಡೆಯುತ್ತದೆಯೇ?

ಕೆಲವು ಕಡೆ. ಯುಎಇ, ಸಿಂಗಾಪುರ, ನೇಪಾಳ, ಭೂತಾನ್, ಶ್ರೀಲಂಕಾ, ಮಾರಿಷಸ್, ಫ್ರಾನ್ಸ್‌ನ ಕೆಲವು ಅಂಗಡಿಗಳಲ್ಲಿ ಕ್ಯೂಆರ್ ಸ್ಕ್ಯಾನ್ ಮಾಡಿ ಕೊಡಬಹುದು. ಪ್ಯಾರಿಸ್ಸಿನ ಐಫೆಲ್ ಟವರ್ ಟಿಕೆಟ್‌ಗೆ 2024ರಿಂದ ಇದೆ. ಆ್ಯಪ್‌ನಲ್ಲಿ ಇಂಟರ್‌ನ್ಯಾಷನಲ್ ಯುಪಿಐ ಎಂಬುದನ್ನು ಚಾಲೂ ಮಾಡಿಕೊಳ್ಳಬೇಕು. ಇದನ್ನೇ ನಂಬಿ ಹೋಗಬೇಡಿ, ಕಾರ್ಡ್ ಮತ್ತು ಸ್ವಲ್ಪ ನಗದು ಇರಲಿ. ಕಾರ್ಡ್‌ನಲ್ಲೂ ವಿದೇಶ ಬಳಕೆ ಚಾಲೂ ಮಾಡಿ. ಹೊಸ ಫೋನಿಗೆ ಯುಪಿಐ ಹಾಕುವುದಿದ್ದರೆ ಇಲ್ಲೇ ಹಾಕಿ. ಮೊದಲ ಸಲ ಸಿಮ್‌ನಿಂದ ಎಸ್‌ಎಂಎಸ್ ಹೋಗಬೇಕು, ರೋಮಿಂಗ್‌ನಲ್ಲಿ ಅದು ಕೈಕೊಡುತ್ತದೆ.

ಮುಂಬೈಯಿಂದ ಕ್ರೂಸ್ ಹಡಗಿನಲ್ಲಿ ಗೋವಾ, ಲಕ್ಷದ್ವೀಪಕ್ಕೆ ಹೋಗುತ್ತೇವೆ. ಅದಕ್ಕೂ ಸಿಮ್ ಯೋಚನೆ ಬೇಕೇ?

ಬೇಕು. ದಡ ದಾಟಿದ ಮೇಲೆ ಫೋನ್ ಹಿಡಿಯುವುದು ಹಡಗಿನ ಉಪಗ್ರಹ ನೆಟ್‌ವರ್ಕ್ ಆಗಿರಬಹುದು. ಅದು ಬಹಳ ದುಬಾರಿ, ಮಾಮೂಲಿ ರೋಮಿಂಗ್ ಪ್ಯಾಕ್‌ಗಳಲ್ಲಿ ಹೆಚ್ಚಾಗಿ ಸೇರಿರುವುದಿಲ್ಲ. ಹಡಗು ಹೊರಟ ಕೂಡಲೇ ಫ್ಲೈಟ್ ಮೋಡ್ ಹಾಕಿ, ಬೇಕಿದ್ದರೆ ಹಡಗಿನ ವೈ-ಫೈ ಕೊಳ್ಳಿ. ವಿಮಾನದೊಳಗೆ ಸಿಗುವ ನೆಟ್‌ವರ್ಕ್‌ಗೂ ಇದೇ.

ಅಲ್ಲಿ ಫೋನ್ ಕಳೆದುಹೋದರೆ?

ಮೊದಲು ಭಾರತದ ಕಂಪನಿಗೆ ಫೋನ್ ಮಾಡಿ ಸಿಮ್ ತಡೆಹಿಡಿಸಿ, ಆಮೇಲೆ ಬ್ಯಾಂಕಿಗೆ. ರೋಮಿಂಗ್ ಸಹಾಯವಾಣಿ, ಬ್ಯಾಂಕ್ ನಂಬರ್, ಐಎಂಇಐ ಮೂರನ್ನೂ ಒಂದು ಕಾಗದದಲ್ಲಿ ಬರೆದು ಸೂಟ್‌ಕೇಸಿನಲ್ಲಿ ಇಡಿ. ಫೋನಿನಲ್ಲೇ ಬರೆದಿಟ್ಟರೆ ಫೋನಿನ ಜೊತೆಗೇ ಹೋಗುತ್ತದೆ. ಸಿಮ್‌ಗೆ ಪಿನ್ (ಗುಪ್ತ ಸಂಖ್ಯೆ) ಹಾಕಿಟ್ಟರೆ ಕದ್ದವನು ಬೇರೆ ಫೋನಿಗೆ ಹಾಕಿ ನಿಮ್ಮ ಒಟಿಪಿ ಓದಲಾಗುವುದಿಲ್ಲ. ಯುರೋಪಿನಲ್ಲಿ ತುರ್ತಿಗೆ 112, ಬ್ಯಾಲೆನ್ಸ್ ಇಲ್ಲದಿದ್ದರೂ ಹೋಗುತ್ತದೆ.

ಅಣ್ಣನ ಮಕ್ಕಳು ಹೊರದೇಶದ ಪಾಸ್‌ಪೋರ್ಟ್‌ನವರು, ಗೋವಾಕ್ಕೆ ರಜೆಗೆ ಬರುತ್ತಿದ್ದಾರೆ. ನನ್ನ ಆಧಾರ್ ಮೇಲೆ ಒಂದು ಸಿಮ್ ತೆಗೆದುಕೊಡಲೇ?

ಕೊಡಬೇಡಿ. ನಿಮ್ಮ ಹೆಸರಿನ ಸಿಮ್‌ನಲ್ಲಿ ಏನೇ ನಡೆದರೂ ಉತ್ತರ ಹೇಳಬೇಕಾದವರು ನೀವು. ವಿದೇಶಿ ಪಾಸ್‌ಪೋರ್ಟ್‌ನವರಿಗೆ ಪಾಸ್‌ಪೋರ್ಟ್, ವೀಸಾ ತೋರಿಸಿದರೆ ಕಂಪನಿಯ ಸ್ವಂತ ಅಂಗಡಿಯಲ್ಲಿ ಸಿಮ್ ಸಿಗುತ್ತದೆ. ಇಲ್ಲಿನ ವಿಳಾಸ, ಇಲ್ಲಿನವರೊಬ್ಬರ ನಂಬರ್ ಕೇಳುತ್ತಾರೆ, ಅದನ್ನು ನೀವು ಕೊಡಬಹುದು. ದಾಬೋಲಿಂ, ಮೋಪಾ ಎಲ್ಲೇ ಇಳಿದರೂ ಮಡಗಾಂವ್, ಪಣಜಿಯಲ್ಲಿ ಇಂಥ ಅಂಗಡಿಗಳಿವೆ. ಬೀಚ್ ಹತ್ತಿರದ ಗೂಡಂಗಡಿಯಲ್ಲಿ ಮೊದಲೇ ಚಾಲೂ ಮಾಡಿಟ್ಟ ಸಿಮ್ ಕೊಡುತ್ತೇವೆ ಎಂದರೆ ತೆಗೆದುಕೊಳ್ಳಬೇಡಿ, ಅದು ಇನ್ನಾರದೋ ಹೆಸರಿನಲ್ಲಿ ಇರುತ್ತದೆ. ನಿಮ್ಮ ಹೆಸರಿನಲ್ಲಿ ಈಗ ಎಷ್ಟು ಸಿಮ್ ಇವೆ ಎಂದು ಸರ್ಕಾರದ ಸಂಚಾರ್ ಸಾಥಿ ಸೈಟಿನಲ್ಲಿ ನೋಡಬಹುದು. ನಿಮ್ಮದಲ್ಲದ ನಂಬರ್ ಕಂಡರೆ ಅಲ್ಲೇ ದೂರು ಕೊಟ್ಟು ಬಂದ್ ಮಾಡಿಸಬಹುದು.